ಸ್ವಿಚ್ಚು ಯಾರ ಕೈಲಿದೆ?

ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕೊಯ್ಯಲು ಶುರುಮಾಡಿ ಮೂರನೇ ವಾರ. ಅವತ್ತು ಜಗಳವಾಡುವ ಪೂರ್ತಿ ತಯಾರಿಯಲ್ಲೇ ಚಪ್ಪಲಿ ಮೆಟ್ಟಿ ಹೊರಟೆ. ಅದಕ್ಕೂ ಮೊದಲು ಪಾಯ ತೋಡಿದ ಜೆಸಿಬಿ, ರಾತ್ರಿಯಿಡೀ ಕೊರೆದ ಬೋರ್‌ವೆಲ್ ಲಾರಿ, ಮೋಲ್ಡ್ ಹಾಕಿದ ದಿನದ ಮಿಕ್ಸರ್ ಎಲ್ಲವನ್ನೂ ಹೇಗೋ ನುಂಗಿಕೊಂಡಿದ್ದೆ. ಈ ಕಟ್ಟರ್ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಯಾವಾಗ ಶುರುವಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಒಂದೂ ಗೊತ್ತಾಗದು. ನಿಂತಾಗಲಾದರೂ ನೆಮ್ಮದಿಯೇ ಎಂದರೆ ಅದೂ ಇಲ್ಲ. ಮುಂದಿನ ಕೊಯ್ತಕ್ಕೆ ಕಿವಿ ತುದಿಗಾಲಲ್ಲಿ ಕೂತಿರುತ್ತಿತ್ತು. 'ಕಾಫಿಗೆ ಸಕ್ಕರೆ ಸಾಕಾ?' ಎಂದು ಹೆಂಡತಿ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಸೈಟಿನಲ್ಲಿ ಸಿಕ್ಕವರು ಯಾದಗಿರಿ ಕಡೆಯ ಮೇಸ್ತ್ರಿ. ಹುಬ್ಬಿನವರೆಗೂ ಕಲ್ಲಿನ ಬಿಳಿ ಧೂಳು. ನನ್ನ ಮುಖ ನೋಡಿಯೇ ವಿಷಯ ಹೊಳೆದಿರಬೇಕು, ನಾನು ಬಾಯಿ ತೆರೆಯುವ ಮೊದಲೇ ಜೇಬಿನಿಂದ ಮೊಬೈಲ್ ತೆಗೆದರು. 'ತಪ್ಪ್ ತಿಳ್ಕೋಬ್ಯಾಡ್ರಿ ಸರ್ರ. ಇನ್ನ ಹತ್ತ್ ದಿನದ ಕೆಲ್ಸ ಐತಿ. ಭಾಳ ತ್ರಾಸ ಆತಂದ್ರ ಒಂದ್ ಫೋನ್ ಹಚ್ರಿ, ಬಂದ್ ಮಾಡಸ್ತೀನಿ.' ಕೂಡಿಟ್ಟುಕೊಂಡು ಹೋಗಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ, ನಂಬರ್ ಬರೆದುಕೊಂಡು ವಾಪಸಾದೆ.

ಕಟ್ಟರ್ ಇನ್ನೂ ಹದಿನಾರು ದಿನ ಕೊಯ್ಯಿತು. ನಾನು ಒಂದು ಸಲವೂ ಫೋನ್ ಮಾಡಲಿಲ್ಲ. ವಿಚಿತ್ರವೆಂದರೆ, ಮಾಡಬೇಕೆಂದು ಅನ್ನಿಸಲೂ ಇಲ್ಲ. ಸದ್ದು ಒಂದಿಷ್ಟೂ ತಗ್ಗಿರಲಿಲ್ಲ, ತಗ್ಗಿದ್ದು ಮತ್ತೇನೋ.

ಈ 'ಮತ್ತೇನೋ' ನನ್ನೊಬ್ಬನ ಭ್ರಮೆಯಲ್ಲ ಎಂದು ತಿಳಿದದ್ದು ಅಮೆರಿಕದ ಇಬ್ಬರು ಮನೋವಿಜ್ಞಾನಿಗಳ ಹಳೆಯ ಪ್ರಯೋಗದ ಬಗ್ಗೆ ಓದಿದಾಗ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ನಗರದ ಒತ್ತಡ ಕುರಿತು 1972ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದು ಬರುತ್ತದೆ. ಅವರು ಗದ್ದಲವನ್ನು ಅಡುಗೆಯಂತೆ ಬೆರೆಸಿ ತಯಾರಿಸಿದ್ದರು: ಇಬ್ಬರು ಸ್ಪ್ಯಾನಿಷ್ ಮಾತಾಡುವುದು, ಒಬ್ಬ ಅರ್ಮೇನಿಯನ್ ಮಾತಾಡುವುದು, ಜೊತೆಗೆ ಟೈಪ್‌ರೈಟರ್, ಲೆಕ್ಕದ ಯಂತ್ರ, ಸೈಕ್ಲೋಸ್ಟೈಲ್ ಯಂತ್ರ. ಎಲ್ಲ ಒಟ್ಟಿಗೇ, ಯಾರಿಗೂ ಒಂದಕ್ಷರ ಅರ್ಥವಾಗದಂತೆ. ಕೆಲವರಿಗೆ ಇದನ್ನು ಗಡಿಯಾರ ಹಿಡಿದು ಕೇಳಿಸಿದರು, ಕೆಲವರಿಗೆ ಮನಸ್ಸಿಗೆ ಬಂದಾಗ. ಎಲ್ಲರೂ ಬೇಗನೆ ಒಗ್ಗಿಕೊಂಡರು, ಕೊಟ್ಟ ಕೆಲಸ ಮುಗಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ 'ಗದ್ದಲದಿಂದ ಏನೂ ಆಗುವುದಿಲ್ಲ' ಎಂದು ಬರೆದು ಮನೆಗೆ ಹೋಗಬಹುದಿತ್ತು.

ಅವರು ಸದ್ದು ನಿಲ್ಲಿಸಿದ ಮೇಲೆ ಇನ್ನೊಂದು ಕೆಲಸ ಕೊಟ್ಟರು. ನಮ್ಮ ಎಳೆ ರಂಗೋಲಿಯಂತೆ, ಪೆನ್ಸಿಲ್ ಎತ್ತದೆ, ಎಳೆದ ಗೆರೆಯನ್ನೇ ಮತ್ತೆ ಎಳೆಯದೆ ಒಂದು ಚಿತ್ರ ಮುಗಿಸಬೇಕು. ಕೆಲವು ಚಿತ್ರಗಳನ್ನು ಬ್ರಹ್ಮ ಬಂದರೂ ಮುಗಿಸಲಾಗದಂತೆ ಮಾಡಿದ್ದರು. ಎಷ್ಟು ಸಲ ಪ್ರಯತ್ನಿಸಿ ಕೈಬಿಡುತ್ತಾರೆ ಎಂಬುದಷ್ಟೇ ಲೆಕ್ಕ. ಯಾವಾಗ ಬರುತ್ತದೆಂದು ಗೊತ್ತಿಲ್ಲದ ಸದ್ದನ್ನು ಕೇಳಿದ್ದವರು ಎಲ್ಲರಿಗಿಂತ ಬೇಗ ಪೆನ್ಸಿಲ್ ಕೆಳಗಿಟ್ಟರು. ಅವರಲ್ಲೇ ಒಂದು ಗುಂಪಿಗೆ ಮಾತ್ರ ಸ್ವಿಚ್ಚೊಂದನ್ನು ತೋರಿಸಿ, 'ತೀರಾ ತಡೆಯಲಾಗದಿದ್ದರೆ ಇದನ್ನು ಒತ್ತಿ, ಸದ್ದು ನಿಲ್ಲುತ್ತದೆ; ಒತ್ತದಿದ್ದರೆ ನಮಗೆ ಒಳ್ಳೆಯದು' ಎಂದಿದ್ದರು. ಹೆಚ್ಚಿನವರು ಒತ್ತಲಿಲ್ಲ. ಉಳಿದವರಷ್ಟೇ ಗದ್ದಲ ಅವರ ಕಿವಿಗೂ ಬಿತ್ತು. ಆದರೂ ಚಿತ್ರದ ಮುಂದೆ ಅವರು ಹಟ ಹಿಡಿದು ಕೂತರು. ಒತ್ತದೆಯೇ ಆ ಸ್ವಿಚ್ಚು ಕೆಲಸ ಮಾಡಿತ್ತು.

ನನ್ನ ಫೋನಿನಲ್ಲಿದ್ದ ಮೇಸ್ತ್ರಿಯ ನಂಬರಿನ ಹಾಗೆ.

* * *

ಸದ್ದಿನ ವಿಷಯದಲ್ಲಿ ಕನ್ನಡ ಸಿರಿವಂತ ಭಾಷೆ. ಸದ್ದು, ಸಪ್ಪಳ, ದನಿ, ಗದ್ದಲ, ಗೌಜು, ಬೊಬ್ಬೆ, ಗುಲ್ಲು. ಸಪ್ಪಳ ಎಂದರೆ ಹೆಜ್ಜೆಯದ್ದೋ ಬಳೆಯದ್ದೋ, ಅದಕ್ಕೆ ಕಿವಿಗೊಡುವ ಆಸೆಯಾಗುತ್ತದೆ. ಗೌಜು ಎಂದೊಡನೆ ಕಿವಿ ಮುಚ್ಚಿಕೊಳ್ಳುತ್ತದೆ. ರಗಳೆ ಇನ್ನೂ ತಮಾಷೆಯದು. ಹರಿಹರನ ಕೈಯಲ್ಲಿ ಶಿವಶರಣರ ಕಥೆ ಹೇಳಿದ ಛಂದಸ್ಸು, ನಮ್ಮ ಬಾಯಲ್ಲಿ ತಲೆನೋವಿನ ಇನ್ನೊಂದು ಹೆಸರು. ಆದರೆ ನನಗೆ ತುಂಬಾ ಹಿಡಿಸಿದ ಪದ ಕಿರಿಕಿರಿ. ಅದು ಮನಸ್ಸಿನ ಒಂದು ಸ್ಥಿತಿಯ ಹೆಸರು, ಆದರೆ ಹುಟ್ಟಿನಿಂದಲೇ ಸದ್ದು. ಎಣ್ಣೆ ಕಾಣದ ಬಾಗಿಲೊಂದು ಎದೆಯೊಳಗೆ ತೆರೆದು ಮುಚ್ಚುತ್ತಿರುವಂತೆ ಕೇಳುತ್ತದೆ.

ಈ ಕಿರಿಕಿರಿಯನ್ನು ವಿಜ್ಞಾನ ಬಹಳ ಗಂಭೀರವಾಗಿ ಅಳೆಯುತ್ತದೆ. ಅದಕ್ಕೊಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಮನೆಮನೆಗೆ ಹೋಗಿ, ಕಳೆದ ಹನ್ನೆರಡು ತಿಂಗಳಲ್ಲಿ ಇಂಥ ಸದ್ದು ನಿಮ್ಮನ್ನು ಎಷ್ಟು ಕಾಡಿದೆ ಎಂದು ಕೇಳಬೇಕು. 0 ಎಂದರೆ ಏನೂ ಇಲ್ಲ, 10 ಎಂದರೆ ವಿಪರೀತ. ಅಮೆರಿಕದ ಥಿಯೊಡೊರ್ ಶುಲ್ಟ್ಜ್ 1978ರಲ್ಲಿ ಬೇರೆ ಬೇರೆ ದೇಶಗಳ ಇಂಥ ಸಮೀಕ್ಷೆಗಳನ್ನೆಲ್ಲ ಗುಡ್ಡೆಹಾಕಿ, ಡೆಸಿಬಲ್ ಏರಿದಂತೆ ತೀವ್ರ ಕಿರಿಕಿರಿ ಅನುಭವಿಸುವವರ ಪ್ರಮಾಣವೂ ಹೇಗೆ ಏರುತ್ತದೆಂದು ಒಂದು ಗೆರೆ ಎಳೆದು ತೋರಿಸಿದರು. ಊರಿಗೆ ಊರನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಆ ಗೆರೆ ಸರಿಯಾಗಿಯೇ ಕಾಣುತ್ತದೆ. ಒಬ್ಬೊಬ್ಬರನ್ನೇ ಹಿಡಿದು ಕೇಳಿದರೆ ಕೈಕೊಡುತ್ತದೆ. ಒಬ್ಬ ವ್ಯಕ್ತಿಯ ಕಿರಿಕಿರಿಯಲ್ಲಿ ಸದ್ದಿನ ಮಟ್ಟದ ಪಾಲು ಹೆಚ್ಚೆಂದರೆ ಮೂರನೇ ಒಂದು ಭಾಗ ಎಂಬುದು ಈ ಕ್ಷೇತ್ರದ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಮಿಕ್ಕಿದ್ದು ಬೇರೆ ಪ್ರಶ್ನೆಗಳದ್ದು. ಸದ್ದು ಯಾರದು? ಬೇಕಾಗಿ ಮಾಡುತ್ತಿದ್ದಾನಾ? ನಿಲ್ಲಿಸಬಹುದಿತ್ತಾ? ನಾನಿಲ್ಲಿ ಇದ್ದೇನೆ ಅನ್ನುವುದು ಅವನಿಗೆ ಗೊತ್ತಾ?

ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಈ ಮಾತಿನ ನೆರಳಿದೆ. ರಸ್ತೆಯ ಸದ್ದು 53 ಡೆಸಿಬಲ್ ದಾಟಬಾರದು, ರೈಲಿನದ್ದು 54, ವಿಮಾನದ್ದು 45. ರೈಲಿಗೂ ವಿಮಾನಕ್ಕೂ 9 ಡೆಸಿಬಲ್ ಅಂತರ. 10 ಡೆಸಿಬಲ್ ಎಂದರೆ ಶಕ್ತಿಯಲ್ಲಿ ಹತ್ತು ಪಟ್ಟು, ಆದ್ದರಿಂದ ಇದು ಸಣ್ಣ ಅಂತರವಲ್ಲ. ರೈಲು ತನ್ನ ಹಳಿಯ ಮೇಲೆ, ತನ್ನ ಹೊತ್ತಿಗೆ, ಬಂದೆ ಎಂದು ಹೇಳಿಕೊಂಡು ಬರುತ್ತದೆ. ಅದೇ ವಿಮಾನವಾದರೆ ತಲೆಯ ಮೇಲೆರಗುತ್ತದೆ. 2008ರ ಮೇ ತಿಂಗಳಲ್ಲಿ ವಿಮಾನಗಳು ದೇವನಹಳ್ಳಿಗೆ ಸ್ಥಳಾಂತರವಾಗುವ ಮುನ್ನ ಮುರುಗೇಶಪಾಳ್ಯದಲ್ಲಿ ಬಾಡಿಗೆಗಿದ್ದವರಿಗೆ ಇದನ್ನು ಯಾವ ಸಂಸ್ಥೆಯೂ ಹೇಳಿಕೊಡಬೇಕಿಲ್ಲ. ವಾಕ್ಯದ ನಡುವೆ ಮಾತು ನಿಲ್ಲಿಸಿ, ವಿಮಾನ ದಾಟಿದ ಮೇಲೆ ಅದೇ ಪದದಿಂದ ಮುಂದುವರಿಸುವುದು ಅಲ್ಲಿನವರ ನಾಲಿಗೆಗೆ ಅಂಟಿದ ಅಭ್ಯಾಸವಾಗಿತ್ತು.

* * *

ಬೆಂಗಳೂರಿನ ಸದ್ದನ್ನು ಅಳೆಯುವವರಿಲ್ಲ ಎಂದು ದೂರುವಂತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಆರಂಭಿಸಿದ ರಾಷ್ಟ್ರೀಯ ಜಾಲದ ಮೊದಲ 7 ನಗರಗಳಲ್ಲಿ ಬೆಂಗಳೂರೂ ಒಂದು. ಪೀಣ್ಯ, ಬಿಟಿಎಂ ಬಡಾವಣೆ ಮುಂತಾದ ಕಡೆ ಯಂತ್ರಗಳು ಹಗಲುರಾತ್ರಿ ಕಿವಿ ತೆರೆದು ನಿಂತಿವೆ. 2000ನೇ ಇಸವಿಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ 50 ಮತ್ತು 40. ಇಬ್ಬರು ಎದುರುಬದುರು ಕೂತು ಸಹಜವಾಗಿ ಹರಟಿದರೇ 60ರ ಹತ್ತಿರ ಹೋಗುತ್ತದೆ. ಹೀಗಾಗಿ ನಮ್ಮ ಯಾವ ಮುಖ್ಯರಸ್ತೆಯ ಮನೆಯೂ ಈ ಅಂಕಿಯ ಹತ್ತಿರ ಸುಳಿಯುವುದಿಲ್ಲ. ನಿಯಮ ಇರುವುದು ನಾವು ಎಷ್ಟು ದೂರ ಬಂದಿದ್ದೇವೆಂದು ತಿಳಿಯಲಿಕ್ಕೇ ಇರಬೇಕು.

ಆದರೆ ಈ ಯಂತ್ರಕ್ಕೆ ತಾತ್ಸಾರ ಅಳೆಯಲು ಬಾರದು. ಜೋರು ಮಳೆ ಶೀಟಿನ ಮೇಲೆ ಸುರಿಯುವಾಗ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ, ಆದರೂ ಕಂಬಳಿ ಹೊದ್ದು ನಿದ್ದೆ ಹೋಗುತ್ತೇವೆ. ನಡುರಾತ್ರಿ ಮೇಲಿನ ಮನೆಯವರು ಕುರ್ಚಿ ಎಳೆದ ಒಂದು ಕರ್ರ್ ಸದ್ದಿಗೆ ಎದ್ದು ಕೂರುತ್ತೇವೆ. ಮಳೆಗೆ ನಮ್ಮ ಮೇಲೆ ಹಗೆಯಿಲ್ಲ. ಮೇಲಿನ ಮನೆಯವರಿಗೂ ಇರಲಾರದು, ಆದರೆ ರಾತ್ರಿ ಎರಡಕ್ಕೆ ಅಷ್ಟು ವಿಶಾಲ ಮನಸ್ಸು ಯಾರಿಗಿರುತ್ತದೆ?

ಹಾರ್ನ್ ವಿಷಯವನ್ನೇ ನೋಡಿ. ಲಾರಿಗಳ ಹಿಂದೆ ಬಣ್ಣದಲ್ಲಿ ಬರೆಸಿದ್ದ 'ಹಾರ್ನ್ ಓಕೆ ಪ್ಲೀಸ್' ಒಂದು ಕಾಲದ ಸೌಜನ್ಯ. ಹಿಂದಿರುವವ ಕೇಳುತ್ತಾನೆ, ಮುಂದಿರುವವ ದಾರಿ ಬಿಡುತ್ತಾನೆ. ಘಾಟಿ ರಸ್ತೆಯ ತಿರುವಿನಲ್ಲಿ ಈಗಲೂ ಅದು ಮಾತೇ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹಸಿರು ಬಿದ್ದ ಅರೆಕ್ಷಣಕ್ಕೆ ಬೆನ್ನ ಹಿಂದೆ ಹೊಡೆಯುವ ಹಾರ್ನ್‌ಗೆ ಮಾತ್ರ ಯಾವ ಸುದ್ದಿಯೂ ಇಲ್ಲ. ಮುಂದಿನವನಿಗೂ ಕಣ್ಣಿದೆ, ಅವನ ಮುಂದೆಯೂ ಇಪ್ಪತ್ತು ಗಾಡಿಗಳಿವೆ. ಆ ಹಾರ್ನ್ ಹೇಳುವುದು ಇಷ್ಟೇ: ನನ್ನ ಕೈಯಲ್ಲಿ ಇದೊಂದು ಸ್ವಿಚ್ಚಾದರೂ ಇದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವನಿಗೆ ಸ್ಟೀರಿಂಗ್, ಗೇರು, ಬ್ರೇಕು ಯಾವುದೂ ತನ್ನದಲ್ಲ, ಹಾರ್ನ್ ಒಂದನ್ನು ಬಿಟ್ಟು. ಅವನ ನಿಯಂತ್ರಣದ ಹಸಿವು ಮುಂದಿನ ಹತ್ತು ಜನರ ನಿಯಂತ್ರಣವನ್ನು ಕಸಿಯುತ್ತದೆ. ಅನಗತ್ಯ ಹಾರ್ನ್‌ಗೆ 1,000 ರೂಪಾಯಿ ದಂಡವಿದೆ, ಮತ್ತೆ ಸಿಕ್ಕಿಬಿದ್ದರೆ 2,000. ಕಟ್ಟಿದವರನ್ನು ನಾನಂತೂ ಕಂಡಿಲ್ಲ. ಮುಂಬೈ ಪೊಲೀಸರು 2020ರ ಆರಂಭದಲ್ಲಿ ಮಾಡಿದ ಉಪಾಯ ಇದಕ್ಕಿಂತ ಚುರುಕಾಗಿತ್ತು. ಕೆಲವು ಸಿಗ್ನಲ್ಲುಗಳಿಗೆ ಡೆಸಿಬಲ್ ಮಾಪಕ ಕಟ್ಟಿ, ಹಾರ್ನ್ ಗದ್ದಲ 85 ದಾಟಿದರೆ ಕೆಂಪು ದೀಪದ ಎಣಿಕೆ ಮೊದಲಿನಿಂದ ಶುರುವಾಗುವಂತೆ ಮಾಡಿದರು. ಹಾರ್ನ್ ಹೊಡೆದರೆ ಇನ್ನಷ್ಟು ಹೊತ್ತು ಕಾಯಿರಿ ಎಂದು. ಹಾರ್ನ್ ಒತ್ತುವವನಿಗೆ ಸುಳ್ಳು ಸ್ವಿಚ್ಚಿನ ನಿಜ ಬೆಲೆ ತೋರಿಸಿದ ಪರಿ ಅದು.

ನಮ್ಮ ಬೀದಿಯ ತರಕಾರಿ ಗಾಡಿಯವರ ದನಿಯೂ ನನಗೆ ಇಲ್ಲೇ ನೆನಪಾಗುತ್ತದೆ. ಮೊದಲು ಅವರು ಗಂಟಲಿನಿಂದಲೇ ಕೂಗುತ್ತಿದ್ದರು, ಸೊಪ್ಪ್ಪೇ... ಎಂದು ಕೊನೆಯಲ್ಲಿ ಒಂದು ಎಳೆತ. ನಮ್ಮ ಮನೆ ಮುಂದೆ ಬಂದಾಗ ದನಿ ಇಳಿಸಿ 'ಅಕ್ಕ, ದಂಟು ಚೆನ್ನಾಗಿದೆ ಇವತ್ತು' ಅನ್ನುವರು. ಈಗ ಗಾಡಿಗೆ ಪುಟ್ಟ ಸ್ಪೀಕರ್ ಕಟ್ಟಿದ್ದಾರೆ, ಒಂದೇ ವಾಕ್ಯ ಸುತ್ತುತ್ತಿರುತ್ತದೆ. ದನಿ ಅವರದೇ, ರೆಕಾರ್ಡ್ ಮಾಡಿದ್ದೂ ಅವರೇ. ಆದರೆ ಅದಕ್ಕೆ ದಣಿವಿಲ್ಲ, ಉಸಿರಿಲ್ಲ, ಅಕ್ಕ ಬಂದಳೆಂದು ತಗ್ಗುವುದಿಲ್ಲ. ಚೌಕಾಸಿ ಕೂಡ ಅದರ ಮೇಲೆಯೇ ಕಿರುಚಿ ಮಾಡಬೇಕು. ದಿನಕ್ಕೆ ಎಂಟು ತಾಸು ಕೂಗಿ ಗಂಟಲು ಹರಿದುಕೊಂಡವರನ್ನು ಸ್ಪೀಕರ್ ಯಾಕೆ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕಿರಿಕಿರಿಯಾಗುತ್ತದೆ, ಏನು ಮಾಡಲಿ.

* * *

'ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ ಬಿಡಿ' ಎನ್ನುವವರು ಸಿಗುತ್ತಾರೆ. ಅಂಥವರಲ್ಲಿ ಹೆಚ್ಚಿನವರು ಮುಖ್ಯರಸ್ತೆಯ ಅಂಗಡಿಯವರು, ಆಟೊ ಚಾಲಕರು, ಇಡೀ ದಿನ ಜಂಕ್ಷನ್ನಿನಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸರು. ಅವರು ಸುಳ್ಳು ಹೇಳುತ್ತಿಲ್ಲ. ಮನಸ್ಸು ನಿಜವಾಗಿಯೂ ಒಗ್ಗುತ್ತದೆ. ಒಗ್ಗದೆ ಉಳಿಯುವುದು ದೇಹ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ನಿದ್ದೆಯಲ್ಲೂ ಅದು ಪಹರೆಯಲ್ಲಿರುತ್ತದೆ. ರಾತ್ರಿ ಹಾದುಹೋದ ಲಾರಿಯ ಸದ್ದಿಗೆ ನಾವು ಏಳದಿದ್ದರೂ ಎದೆಬಡಿತ ಏರಿ ಇಳಿದಿರುತ್ತದೆ. ಜರ್ಮನಿಯ ಮೈಂಟ್ಸ್ ವಿಶ್ವವಿದ್ಯಾಲಯದ ಹೃದ್ರೋಗತಜ್ಞ ಥಾಮಸ್ ಮುಂಟ್ಸೆಲ್ ಅವರ ತಂಡ 2013ರಲ್ಲಿ ಆರೋಗ್ಯವಂತ ಸ್ವಯಂಸೇವಕರ ಮಲಗುವ ಕೋಣೆಯಲ್ಲಿ ವಿಮಾನದ ಸದ್ದಿನ ಧ್ವನಿಮುದ್ರಿಕೆ ಹಾಕಿ ಮಲಗಿಸಿತು. ಬೆಳಿಗ್ಗೆ ನೋಡಿದರೆ ರಕ್ತನಾಳಗಳು ಹಿಗ್ಗುವ ಗುಣ ತಗ್ಗಿತ್ತು, ಅಡ್ರಿನಲಿನ್ ಏರಿತ್ತು. ಪಶ್ಚಿಮ ಯುರೋಪಿನ ಜನ ಸಂಚಾರದ ಗದ್ದಲದಿಂದಾಗಿ ವರ್ಷಕ್ಕೆ ಕನಿಷ್ಠ 10 ಲಕ್ಷ ಆರೋಗ್ಯವಂತ ವರ್ಷಗಳನ್ನು ಕಳೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿತು. ಅದರಲ್ಲಿ ಸಿಂಹಪಾಲು ನಿದ್ರಾಭಂಗದ್ದು, ಅದರ ಬೆನ್ನಿಗೇ ಕಿರಿಕಿರಿಯದ್ದು. ಹೃದ್ರೋಗ ಈ ಪಟ್ಟಿಯಲ್ಲಿ ತೀರಾ ಹಿಂದೆ. ಕಿರಿಕಿರಿಯನ್ನು ರೋಗದ ಸಾಲಿನಲ್ಲಿ ಕೂರಿಸಿ ಲೆಕ್ಕ ಹಾಕಿದ್ದನ್ನು ನಮ್ಮ ಹಿರಿಯರು ಕೇಳಿದ್ದರೆ ನಗುತ್ತಿದ್ದರೋ, ತಲೆದೂಗುತ್ತಿದ್ದರೋ.

ಮಕ್ಕಳ ಕಥೆ ಇನ್ನೂ ಸ್ಪಷ್ಟ. ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲೇ ಎತ್ತರಿಸಿದ ಹಳಿಯ ಮೇಲೆ ರೈಲು ಓಡುತ್ತಿತ್ತು. ಹಳಿಯ ಬದಿಯ ತರಗತಿಗಳ ಮಕ್ಕಳು ಓದಿನಲ್ಲಿ ಹಿಂದಿದ್ದಾರೆ, ಆರನೇ ತರಗತಿಯ ಹೊತ್ತಿಗೆ ಸುಮಾರು ಒಂದು ವರ್ಷದಷ್ಟು ಹಿಂದೆ ಎಂದು ಮನೋವಿಜ್ಞಾನಿ ಆರ್ಲೀನ್ ಬ್ರಾನ್ಜಾಫ್ಟ್ 1975ರಲ್ಲಿ ತೋರಿಸಿದರು. ಆಮೇಲೆ ಹಳಿಯ ಕೆಳಗೆ ರಬ್ಬರ್ ಹಾಸಿದರು, ತರಗತಿಯ ಚಾವಣಿಗೆ ಸದ್ದು ಹೀರುವ ಹಲಗೆ ಹೊಡೆದರು. ಮತ್ತೆ ಅಳೆದಾಗ ಎರಡೂ ಬದಿಯ ಮಕ್ಕಳು ಸರಿಸಮ. ರಬ್ಬರಿನಷ್ಟು ಸಾಧಾರಣ ವಸ್ತುವಿನಿಂದ ಅಷ್ಟು ದೊಡ್ಡ ಅಂತರ ಅಳಿಸಿಹೋಯಿತಲ್ಲ ಎಂದು ಮೆಟ್ರೊ ಕಂಬಗಳ ಪಕ್ಕದ ಶಾಲೆಗಳನ್ನು ದಾಟುವಾಗಲೆಲ್ಲ ನೆನೆಯುತ್ತೇನೆ.

ಇದಕ್ಕಿಂತ ನನ್ನನ್ನು ಕಲಕಿದ್ದು ಒಂದು ಹುಲ್ಲು ಕತ್ತರಿಸುವ ಯಂತ್ರದ ಪ್ರಯೋಗ. ಅದೂ 1975ರದ್ದೇ. ರಸ್ತೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಕೊಂಡ ಒಬ್ಬ ಪುಸ್ತಕಗಳನ್ನು ಬೀಳಿಸುತ್ತಾನೆ. ಅದು ನಾಟಕ, ಆದರೆ ದಾರಿಹೋಕರಿಗೆ ಗೊತ್ತಿಲ್ಲ. ಸುತ್ತ ಸಾಮಾನ್ಯ ಸದ್ದಿದ್ದಾಗ ಹತ್ತರಲ್ಲಿ ಎಂಟು ಮಂದಿ ಬಗ್ಗಿ ಎತ್ತಿಕೊಟ್ಟರು. ಹತ್ತಿರದಲ್ಲೇ ಹುಲ್ಲಿನ ಯಂತ್ರ ಅಬ್ಬರಿಸುತ್ತಿದ್ದಾಗ ನೂರಕ್ಕೆ ಹದಿನೈದು ಮಂದಿ ಮಾತ್ರ. ಅವರೇನು ಕಲ್ಲುಹೃದಯದವರಲ್ಲ. ಸದ್ದಿನಿಂದ ಪಾರಾಗುವ ಅವಸರದಲ್ಲಿ ಪ್ಲಾಸ್ಟರ್ ಅವರ ಕಣ್ಣಿಗೆ ಬಿದ್ದಿರಲೂ ಇಲ್ಲವೇನೋ. ಬೆಂಗಳೂರಿಗರ ಮನಸ್ಸು ಮೊದಲಿನಂತಿಲ್ಲ, ಯಾರೂ ಯಾರಿಗೂ ಆಗುವುದಿಲ್ಲ ಎಂದು ಹಳಬರು ಗೊಣಗುತ್ತಾರೆ. ಮನಸ್ಸನ್ನು ದೂರುವ ಮೊದಲು ಒಮ್ಮೆ ಕಿವಿಯನ್ನೂ ವಿಚಾರಿಸಬೇಕು.

* * *

ಇಷ್ಟೆಲ್ಲ ಬರೆಯುವವನ ಜಾತಕವನ್ನೂ ಬಿಚ್ಚಿಡಬೇಕಲ್ಲ. ಹಾಸನ ಜಿಲ್ಲೆಯ ನಮ್ಮ ಪೇಟೆಯಲ್ಲಿ ಗಣೇಶನ ಕೂರಿಸುವ ಹುಡುಗರ ಗುಂಪಿನಲ್ಲಿ ನಾನಿದ್ದೆ. ಮೈಕ್‌ಸೆಟ್ ಜವಾಬ್ದಾರಿ ನನ್ನದು. ತಗಡಿನ ದೊಡ್ಡ ಹೂವಿನಂಥ ಎರಡು ಕೊಳವೆ, ಒಂದನ್ನು ಬಸ್‌ಸ್ಟ್ಯಾಂಡಿನ ಕಡೆಗೆ, ಇನ್ನೊಂದನ್ನು ನಿವೃತ್ತ ಮೇಷ್ಟ್ರೊಬ್ಬರ ಮನೆಯ ಕಡೆಗೆ ತಿರುಗಿಸಿ ಕಟ್ಟಿದ್ದೆವು. ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಅವರ ಹೆಂಡತಿ ಸೆರಗು ಹೊದ್ದು ಬಂದು, 'ಅದನ್ನ ಸ್ವಲ್ಪ ಆ ಕಡೆ ತಿರುಗಿಸ್ತೀರೇನಪ್ಪಾ?' ಎಂದು ಕೇಳಿದರು. 'ಆಯ್ತಮ್ಮ' ಎಂದೆವು. ಸೌಂಡ್ ತಗ್ಗಿಸಿದೆವು. ಅವರು ಗೇಟು ದಾಟಿ ಒಳಗೆ ಹೋದ ಮೇಲೆ ಮತ್ತೆ ಏರಿಸಿದೆವು. ಮರುದಿನ ಅವರು ಬರಲಿಲ್ಲ. ಅದನ್ನು ಆಗ ನಾವು ಒಪ್ಪಿಗೆ ಎಂದುಕೊಂಡೆವು.

ಇಂದು ಬೆಂಗಳೂರಿನ ಯಾವುದೇ ಬೀದಿಯಲ್ಲಿ ಗಣೇಶ, ಅಣ್ಣಮ್ಮ, ರಾಜ್ಯೋತ್ಸವಗಳ ಆರ್ಕೆಸ್ಟ್ರಾ ರಾತ್ರಿ ಹತ್ತು ದಾಟಿದಾಗ ಮನೆಯೊಳಗೆ ಕೂತವರ ಸ್ಥಿತಿ ಆ ಅಮ್ಮನದ್ದೇ. ಕಾನೂನು ಅವರ ಪರವಾಗಿದೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ; ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ ನಡುರಾತ್ರಿಯವರೆಗೆ ರಿಯಾಯಿತಿ ಕೊಡಬಹುದು. ಆದರೆ ದೂರು ಕೊಟ್ಟವರನ್ನು ಮರುದಿನ ಬೀದಿ ನೋಡುವ ನೋಟಕ್ಕೆ ಯಾವ ಕಲಮೂ ಇಲ್ಲ. ದೇವರ ಕೆಲಸಕ್ಕೆ ಅಡ್ಡ ಬಂದವರು, ಭಾಷೆಯ ಅಭಿಮಾನ ಇಲ್ಲದವರು, ಆ ಪಂಗಡದವರು, ಈ ಪಕ್ಷದವರು. ಹಾಗಾಗಿ ಸುಮ್ಮನಿರುತ್ತಾರೆ. ಸದ್ದಿನಿಂದ ಅರ್ಧ ಕಿರಿಕಿರಿ, ಸುಮ್ಮನಿದ್ದೆನಲ್ಲ ಎಂಬುದರಿಂದ ಇನ್ನರ್ಧ.

ಧ್ವನಿವರ್ಧಕದ ಈ ನಿಷೇಧವನ್ನು ಸುಪ್ರೀಂ ಕೋರ್ಟ್ ಗಟ್ಟಿಗೊಳಿಸಿದ್ದು 2005ರ ಜುಲೈ 18ರ ತೀರ್ಪಿನಲ್ಲಿ. ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ಪೀಠದ ಮುಂದಿದ್ದ ಆ ಮೊಕದ್ದಮೆ ಹುಟ್ಟಿದ್ದು ನಿದ್ದೆಗೆಟ್ಟವರ ದೂರಿನಿಂದಲ್ಲ. ಹದಿಮೂರು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ನಡೆದಾಗ ಅವಳು ಕಿರುಚಿದ್ದು ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಅವಳು ಬೆಂಕಿ ಹಚ್ಚಿಕೊಂಡು ತೀರಿಕೊಂಡಳು. ಪತ್ರಿಕೆಯಲ್ಲಿ ಇದನ್ನು ಓದಿದ ಒಬ್ಬ ಎಂಜಿನಿಯರ್ ಕೋರ್ಟಿನ ಬಾಗಿಲು ತಟ್ಟಿದರು. ತೀರ್ಪಿನ ಪುಟಗಳಲ್ಲಿ ಡೆಸಿಬಲ್ಲುಗಳ ಕೋಷ್ಟಕಗಳು ಬಹಳ ಇವೆ. ಆದರೆ ಗದ್ದಲ ಮಾಡುವ ದೊಡ್ಡ ಹಾನಿ ಅದರ ಮೊದಲ ಪುಟಗಳಲ್ಲೇ ಇದೆ: ಕೇಳಲೇಬೇಕಾದ ಒಂದು ದನಿಯನ್ನು ಅದು ನುಂಗುತ್ತದೆ.

ಈಚೆಗೆ ಅಪಾರ್ಟ್‌ಮೆಂಟ್ ಜಾಹೀರಾತುಗಳಲ್ಲಿ ಈಜುಕೊಳದ ಜೊತೆ ಎರಡು ಗಾಜಿನ ಕಿಟಕಿಯೂ ಕಾಣಿಸಿಕೊಳ್ಳುತ್ತಿದೆ. ನಿಶ್ಶಬ್ದ ಚದರಡಿ ಲೆಕ್ಕದಲ್ಲಿ ಮಾರಾಟಕ್ಕಿದೆ. ಅದೇ ಅಪಾರ್ಟ್‌ಮೆಂಟ್ ಕಟ್ಟುವವರು ಪಕ್ಕದ ಖಾಲಿ ಜಾಗದ ನೀಲಿ ಶೀಟಿನ ಗೂಡುಗಳಲ್ಲಿ, ಮುಖ್ಯರಸ್ತೆಗೆ ತಲೆಕೊಟ್ಟು ಮಲಗುತ್ತಾರೆ. ಅವರಿಗೆ ಮುಚ್ಚಿಕೊಳ್ಳಲು ಕಿಟಕಿಯೇ ಇಲ್ಲ. 0ಯಿಂದ 10ರೊಳಗೆ ಎಷ್ಟು ಎಂದು ಅವರನ್ನು ಕೇಳಲು ಯಾವ ಸಮೀಕ್ಷೆಯವರೂ ಹೋಗುವುದಿಲ್ಲ. ಕೇಳಿದರೂ ಅವರು 'ಏನೂ ಇಲ್ರಿ' ಎಂದಾರು.

ಪಕ್ಕದ ಮನೆ ಮುಗಿದು, ಗೃಹಪ್ರವೇಶವಾಗಿ, ನನಗೂ ಲಾಡು ಬಂದು ಏಳೆಂಟು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಫೋನ್ ರಿಂಗಾಯಿತು, ಪರದೆಯ ಮೇಲೆ 'ಮೇಸ್ತ್ರಿ ಸದ್ದು' ಎಂಬ ಹೆಸರು. ನಾನೇ ಹಾಗೆ ಸೇವ್ ಮಾಡಿದ್ದೆ. ಎತ್ತಿದರೆ ಆ ಕಡೆಯಿಂದ ಅದೇ ಕಟ್ಟರ್, ಕಿವಿಯಿಂದ ಫೋನ್ ದೂರ ಹಿಡಿಯುವಷ್ಟು. ಅದರ ಮೇಲೆ ಅವರ ಕೂಗು: 'ಸರ್ರ, ಕೇಳಸಾಕತ್ತೈತೇನ್ರಿ? ನಿಮ್ಮ ಕಡೆ ಯಾರಾದ್ರೂ ಮನಿ ಕಟ್ಟಸೋರ್ ಅದಾರೇನ್ರಿ?' ನನಗೇನೂ ತಿಳಿಯಲಿಲ್ಲ, 'ಹಲೋ, ಹಲೋ' ಎಂದೆ. ಅವರು ಫೋನಿನಿಂದ ಮುಖ ತಿರುಗಿಸಿ ಗದರಿದ್ದು ಕೇಳಿಸಿತು. 'ಏ ಹುಡುಗಾ, ಬಂದ್ ಮಾಡಲೇ ಅದನ್ನ! ಸರ್ ಜೋಡಿ ಮಾತಾಡಾಕತ್ತೀನಿ.'

ಕಟ್ಟರ್ ನಿಂತಿತು. ಯಾವ ಬಡಾವಣೆಯೋ ಕೇಳಲಿಲ್ಲ. ಅಲ್ಲೆಲ್ಲೋ ಒಂದು ಕುಕ್ಕರ್ ಕೂಗಿದ್ದು, ಒಂದು ಮಗು ಅಳು ನಿಲ್ಲಿಸಿದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.